ಕೊಂಬಿಗೆ ತಳವಿಲ್ಲ

ಅಲಜಾನಿ ಹೊಳೆಯಾಚೆಯ ಈ ಊರಿಗೆ
ಗುರುವಾರಕ್ಕೊಮ್ಮೆ ಬರುವ ಡಾಕ್ಟರು ನಾನು.
ಗೋಡೆಯ ಗಡಿಯಾರ ನಿಂತು ಎರಡು ಸುಗ್ಗಿ ಆಯಿತು;
ಒತ್ತಡ ಅಳೆಯುವ ಯಂತ್ರ ನಡೆಯುತ್ತದೆ,
ಮೇಲೊಂದು ಗುದ್ದಿದರೆ.

ತ್ಬಿಲಿಸಿಯಿಂದ ಹಾಳೆ ಬಂದಿದೆ, ತುಂಬಬೇಕು:
ದಿನಕ್ಕೆ ವೈನು ಎಷ್ಟು ಲೋಟ?
ಇಲ್ಲವೇ ಇಲ್ಲ. ಒಂದು. ಎರಡು. ಎರಡರ ಮೇಲೆ.
ಒಂದು ಚೌಕಕ್ಕೆ ಮಾತ್ರ ಗುರುತು ಹಾಕಿ.

ಮಕ್ವಾಲಾ ಬಂದಳು, ಎಂಬತ್ತೊಂದರ ಮುದುಕಿ,
ಒದೆಯುವ ಹಸುವನ್ನು ಕರೆಯಲು ಕೂತವಳ ಹಾಗೆ
ಯಂತ್ರದ ಮೇಲೆ ಒಂದು ಕಣ್ಣಿಟ್ಟು
ಮೆಲ್ಲಗೆ ತೋಳು ಚಾಚಿದಳು.
ನೂರಿಪ್ಪತ್ತೆಂಟು, ಕೆಳಗೆ ಎಂಬತ್ತು.
ನನ್ನದಕ್ಕಿಂತ ವಾಸಿ. ಬಾಯಿ ಬಿಡಲಿಲ್ಲ.

"ಎಷ್ಟು ಲೋಟ, ಅಮ್ಮ?"
"ಯಾವ ಲೋಟ?"
ಚೀಲದೊಳಗೆ ಅಕ್ರೋಟಿನ ಅಡಿಯಿಂದ ತೆಗೆದಳು
ಅಂಗೈಯಗಲದ ಮಣ್ಣ ಬಟ್ಟಲು.
ಅಂಚಿನಲ್ಲೊಂದು ಚೂರು ಹಾರಿಹೋಗಿದೆ,
ಸೊಸೆಯ ಮೊದಲ ವರ್ಷದ ಸಿಟ್ಟಿಗೆ.
"ಇಲ್ಲೀವರೆಗೆ ಸುರೀತೀನಿ. ಮೇಲೆ ಹೋದರೆ
ಮಡಿಲಿಗೆ ಚೆಲ್ಲುತ್ತೆ. ಆ ಕೆಂಪು ಕಲೆ ಹೋಗಲ್ಲಪ್ಪ.
ಬಟ್ಟೆ ಒಗೆಯೋಳು ನಾನೇ."

ಸಿರಿಂಜಿನಲ್ಲಿ ನೀರು ಹಿಡಿದು
ಹತ್ತು ಹತ್ತಾಗಿ ಬಿಟ್ಟೆ, ಒಡಕು ತುಟಿಯವರೆಗೆ:
ನೂರಾ ಹತ್ತು ಮಿಲಿಲೀಟರು.
ದೊಡ್ಡ ದೊಡ್ಡ ಸಭೆಗಳು ಕೂತು ಗೊತ್ತುಮಾಡಿದ ಮಿತಿಯ
ಆಸುಪಾಸಿನಲ್ಲೇ
ಒಬ್ಬ ಸೊಸೆ ಒಂದು ಕ್ಷಣದಲ್ಲಿ ಗೊತ್ತುಮಾಡಿದ್ದಳು.

"ಹೃದಯಕ್ಕೆ ಒಳ್ಳೇದಂತೆ, ಹೌದಾ?"

ಓದಿದ್ದೆ. ಸಿಪ್ಪೆ, ಬೀಜ, ತೊಟ್ಟು ಸಮೇತ
ನೆಲದಲ್ಲಿ ಹೂತ ಹಂಡೆಯೊಳಗೆ ಚಳಿಗಾಲ ಕಳೆದ ರಸ;
ಸಿಪ್ಪೆಯ ಬಣ್ಣ ರಕ್ತನಾಳಕ್ಕೆ ಹಿತ, ಎಂದು ಒಂದು ಕಾಲಕ್ಕೆ,
ಅಷ್ಟು ಹಿತ ಸಿಗಲು ಕೊಳಗಗಟ್ಟಲೆ ಕುಡಿಯಬೇಕಾದೀತು, ಎಂದು ಇನ್ನೊಂದು ಕಾಲಕ್ಕೆ.
ಸ್ವಲ್ಪ ಕುಡಿವವರು ಹೆಚ್ಚು ಬಾಳುತ್ತಾರೆ ಎಂದರು;
ಆಮೇಲೆ, ಬಾಳುವವರೇ ಸ್ವಲ್ಪ ಕುಡಿಯುತ್ತಾರೇನೋ,
ಹಲ್ಲಿರುವವರು, ಗುಡ್ಡ ಹತ್ತುವವರು,
ಸಂಜೆ ಎದುರಿಗೆ ಕೂರಲು ಯಾರಾದರೂ ಇರುವವರು, ಎಂದರು.

ಮತ್ತೆ, ಸೆವೆರಿಯಾನ್. ಇವಳ ತಮ್ಮ.
ಊರಿನ ಪ್ರತಿ ಔತಣಕ್ಕೂ ಅವನೇ ತಮಾದಾ,
ಸತ್ತವರಿಗೆ, ಹುಟ್ಟಬೇಕಾದವರಿಗೆ, ಬೇಲಿಯಾಚೆಯ ಹಗೆಗೂ
ಒಂದೊಂದು ಮಾತು ಕಟ್ಟಿ ಕುಡಿಸುವವನು.
ಅವನ ಕೈಯಲ್ಲಿ ಕಾಡುಮೇಕೆಯ ಕೊಂಬು.
ಕೊಂಬಿಗೆ ತಳವಿಲ್ಲ.
ಅರ್ಧ ಕುಡಿದು ಕೆಳಗಿಡೋಣವೆಂದರೆ
ಮಲಗಿಬಿಡುತ್ತದೆ, ಮೇಜೆಲ್ಲ ರಸ.
ಮುಗಿಸಿಯೇ ಇಡಬೇಕು. ಮುಗಿಸಿದರೆ ಯಾರೋ ತುಂಬುತ್ತಾರೆ.

ಕಣ್ಣು ಅರಿಸಿನವಾದ ದಿನ ನಾನೇ ಬಿಡಿಸಿದೆ.
ಬಿಟ್ಟ, ಮಾತಿನ ಮನುಷ್ಯ.
ಹೋದ ಸಲದ ಹಾಳೆ ಬಂದಾಗ ಕೇಳಿದೆ: ಎಷ್ಟು ಲೋಟ?
ನಕ್ಕ. ಹೊಟ್ಟೆಯೊಳಗಿನ ನೀರು ಕುಲುಕಿತು.
ನಾನು ಗುರುತು ಹಾಕಿದೆ: ಇಲ್ಲವೇ ಇಲ್ಲ.
ನಲವತ್ತನೆಯ ದಿನಕ್ಕೆ ಹೋದ.
ರಾಜಧಾನಿಯ ಲೆಕ್ಕದಲ್ಲಿ ಈಗ
ಕುಡಿಯದೆ ಸತ್ತವನು ಅವನು.

"ಹೇಳು, ಒಳ್ಳೇದಾ?"
"ಗೊತ್ತಿಲ್ಲ," ಎಂದೆ. "ಬಟ್ಟಲು ಒಳ್ಳೆಯದು."
ಅಳೆದ ನೀರನ್ನು ಕಿಟಕಿಯ ಜೆರೇನಿಯಂಗೆ ಹೊಯ್ದು
ಲಂಗಕ್ಕೆ ಒರೆಸಿ ಚೀಲದಲ್ಲಿಟ್ಟಳು.
ನಾಲ್ಕು ಅಕ್ರೋಟು ನನ್ನ ಮೇಜಿಗೆ.
ಇವಕ್ಕೆ ಹಾಳೆಯಲ್ಲಿ ಚೌಕವಿಲ್ಲ.

ಒಂದು, ಎಂದು ಗುರುತು ಹಾಕಿದೆ.

ಬಾಗಿಲಲ್ಲಿ ಮುಂದಿನವನು, ಸೆವೆರಿಯಾನನ ಮಗ ಜುಂಬೆರ್,
ಭುಜ ಥೇಟು ಅಪ್ಪನದೇ.
ಕೊಂಬು ಈಗ ಅವನ ಮನೆಯ ಗೋಡೆಯಲ್ಲಿ ತೂಗುತ್ತದೆ;
ಮೊಳೆ ಬಿಟ್ಟರೆ ಅದಕ್ಕಿರುವ ಇನ್ನೊಂದೇ ಜಾಗ, ಕೈ.
ಹೊಸ ಹಾಳೆ ತೆಗೆದೆ. ಪೆನ್ನು ಬರೆಯಲಿಲ್ಲ. ಕೊಡವಿದೆ.
"ಕೂತ್ಕೊ," ಎಂದೆ.